ನಾನು ಇಲ್ಲದ ಪುಟ

ನಮ್ಮೂರಿನಲ್ಲಿ ಯಾರಿಗಾದರೂ ಬಿಕ್ಕಳಿಕೆ ಬಂದರೆ ಮನೆಯವರು ನೀರಿನ ಚೊಂಬು ಮುಂದಿಟ್ಟು ಕೇಳುವುದು ಒಂದೇ ಪ್ರಶ್ನೆ: “ಯಾವ ಪುಸ್ತಕ?” ಬೇರೆ ಊರುಗಳಲ್ಲಿ ಯಾರೋ ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದಂತೆ. ನಮ್ಮಲ್ಲಿ ನೆನೆಸಿಕೊಂಡರೆ ಸಾಲದು, ಓದಬೇಕು. ಅಚ್ಚಾದ ಪುಸ್ತಕದಲ್ಲಿ ನಿಮ್ಮ ಹೆಸರಿದ್ದು, ಆ ಸಾಲನ್ನು ಯಾರಾದರೂ ಓದಿದರೆ, ನೀವು ಊಟಕ್ಕೆ ಕೂತಿರಲಿ, ಸಾವಿನ ಮನೆಯಲ್ಲಿ ನಿಂತಿರಲಿ, ಒಂದು ಬಿಕ್ಕು ಬಂದೇ ತೀರುತ್ತದೆ. ತಮ್ಮ ಬಗ್ಗೆ ತಾವೇ ಓದಿಕೊಂಡರೆ ಮಾತ್ರ ಬರುವುದಿಲ್ಲ. ಬಹಳ ಜನ ಪ್ರಯತ್ನಪಟ್ಟು ನೋಡಿಬಿಟ್ಟಿದ್ದಾರೆ.

ನನ್ನ ಹೆಸರು ಫಿಲೋಮಿನಾ. ಪುರಸಭೆಯ ಗ್ರಂಥಾಲಯ ನೋಡಿಕೊಳ್ಳುವವಳು ನಾನೇ. ನಮ್ಮಲ್ಲಿ ಕಾದಂಬರಿಗೆ ಒಂದು ಕಪಾಟು, ಕವಿತೆಗೆ ಅರ್ಧ ಕಪಾಟು. ಆತ್ಮಕಥೆಗೆ ಮಾತ್ರ ಒಂದು ಇಡೀ ಕೋಣೆ, ಅದರ ಪಕ್ಕದ್ದು ಇತಿಹಾಸದ ಕೋಣೆ. ನಡುವೆ ಒಂದು ಬಾಗಿಲು. ಆತ್ಮಕಥೆಯೊಂದರಲ್ಲಿ ಬರುವವರೆಲ್ಲ ತೀರಿಕೊಂಡು, ಅದನ್ನು ಓದಿದರೆ ಊರಲ್ಲಿ ಯಾರೂ ಬಿಕ್ಕುವುದಿಲ್ಲ ಎಂದಾದ ಮೇಲೆ ಅದನ್ನು ಎತ್ತಿ ಬಾಗಿಲು ದಾಟಿಸುತ್ತೇನೆ. ಅಲ್ಲಿಂದ ಮುಂದೆ ಅದು ಇತಿಹಾಸ. ಮದುವೆ ಗೊತ್ತಾದ ಮನೆಯವರು ಲಗ್ನಪತ್ರಿಕೆ ಕೊಡಲು ಬಂದಾಗ, ಮುಹೂರ್ತ ಮುಗಿಯುವವರೆಗೆ ಗಂಡಿನ ಹೆಸರಿರುವ ಪುಸ್ತಕಗಳನ್ನು ಬೀರುವಿನಲ್ಲಿಡಿ ಎಂದು ಹೇಳಿಹೋಗುತ್ತಾರೆ. ಕೈಯಲ್ಲಿ ಕತ್ತಿ ಹಿಡಿಯುವ ದಿನ ಡಾಕ್ಟರೂ ಹೇಳಿಕಳಿಸುತ್ತಾರೆ. ಕ್ಷೌರದಂಗಡಿಯ ಚೆಲುವಯ್ಯ ಬರೆದ ‘ಕೈಗೆ ಸಿಕ್ಕ ತಲೆಗಳು’ ಹೊರಗೆ ಹೋದ ದಿನ ಅರ್ಧ ಊರಿಗೆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಚುನಾವಣೆಯ ಕಾಲದಲ್ಲಿ ಅದನ್ನು ನಾನು ಯಾರಿಗೂ ಕೊಡುವುದಿಲ್ಲ.

ಇಂಥ ಊರಿನಲ್ಲಿ ಮೂರು ಸಲ ಪುರಸಭಾಧ್ಯಕ್ಷರಾಗಿದ್ದ ರುದ್ರಮುನಿಯಪ್ಪನವರು ಆತ್ಮಕಥೆ ಬರೆದರು. ಹೆಸರು ‘ಸಾರ್ಥಕ ಸೋಪಾನ’. ಗಾತ್ರದಲ್ಲಿ ಎರಡು ಇಟ್ಟಿಗೆಯಷ್ಟಿತ್ತು. ಬಿಡುಗಡೆಯ ದಿನ ಊರಿನ ಗಣ್ಯರಿಗೆಲ್ಲ ಒಂದೊಂದು ಪ್ರತಿ ಕೈಯಾರೆ ಕೊಟ್ಟರು. ಗ್ರಂಥಾಲಯಕ್ಕೆ ಒಂದು ಮೂಟೆಯನ್ನೇ ಕಳಿಸಿದರು. ಮಾರನೆಯ ದಿನ ಬೆಳಿಗ್ಗೆ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು, ಪಕ್ಕದಲ್ಲಿ ಎರಡು ಚೊಂಬು ನೀರಿಟ್ಟುಕೊಂಡು ಕೂತರು. ಸಂಜೆಯವರೆಗೂ ಚೊಂಬಿನ ನೀರು ಇದ್ದಷ್ಟೇ ಇತ್ತು.

ಬೇರೆ ಊರಿನ ಲೇಖಕರು ಪುಣ್ಯವಂತರು ಎಂದು ನನಗೆ ಅನ್ನಿಸಿದ್ದು ಆಗಲೇ. ಅವರಿಗೆ ಯಾರಾದರೂ ‘ಓದಿದೆ’ ಎಂದರೆ ನಂಬಿಕೊಂಡು ಮನೆಗೆ ಹೋಗಬಹುದು. ರುದ್ರಮುನಿಯಪ್ಪನವರಿಗೆ ಆ ಭಾಗ್ಯವೂ ಇರಲಿಲ್ಲ. ಬಟ್ಟೆ ಅಂಗಡಿಯ ಪಾರ್ಶ್ವನಾಥಯ್ಯನವರು, “ಮೊದಲಿಂದ ಕೊನೇವರೆಗೆ ಓದಿದೆ ಸ್ವಾಮಿ, ಕಣ್ಣಲ್ಲಿ ನೀರು ಬಂತು” ಎಂದರಂತೆ. ಇವರು, “ನಿಮಗೆ ನೀರು ಬಂತು, ನನಗೆ ನೀರು ಬೇಕಾಗಲೇ ಇಲ್ಲವಲ್ಲ” ಎಂದು ಹೇಳಿ ಛತ್ರಿ ಬಿಚ್ಚಿಕೊಂಡು ನಡೆದುಬಿಟ್ಟರು.

ಹೆಂಡತಿ ಶಿವಗಂಗಮ್ಮನವರನ್ನು ಓದು ಎಂದರೆ, “ಬದುಕಿ ನೋಡಿದೀನಲ್ಲ, ಮತ್ತೆ ಓದೋದು ಯಾಕೆ?” ಎಂದು ಅವರು ಸೊಪ್ಪು ಬಿಡಿಸುತ್ತ ಕೂತರು. ಕೊನೆಗೆ ಹೆಂಡತಿಯ ತಮ್ಮ ಷಡಕ್ಷರಿಯನ್ನು ಊಟಕ್ಕೆ ಕರೆದು, ಊಟದ ಮೇಲೆ ಪಡಸಾಲೆಯಲ್ಲಿ ಕೂರಿಸಿ, ಪುಸ್ತಕವನ್ನು ತೊಡೆಯ ಮೇಲಿಟ್ಟು, ತಾವು ಒಳಕೋಣೆಯಲ್ಲಿ ಕಣ್ಣುಮುಚ್ಚಿ ಕಾದರು. ಬಿಕ್ಕು ಬಂತು. ಇನ್ನೊಂದು ಬಂತು. ಮೂರನೆಯದೂ ಬಂತು. ರುದ್ರಮುನಿಯಪ್ಪನವರು ಸಂತೋಷದಿಂದ ಎದೆ ನೀವಿಕೊಂಡರು. ನಾಲ್ಕನೆಯದಕ್ಕೆ ಎಷ್ಟು ಹೊತ್ತು ಕಾದರೂ ಬರಲಿಲ್ಲ. ಪಡಸಾಲೆಯಿಂದ ಗೊರಕೆ ಕೇಳಿಸಿತು.

ಅವಮಾನ ಮನೆಯೊಳಗೇ ಇದ್ದಿದ್ದರೆ ನುಂಗಿಕೊಳ್ಳುತ್ತಿದ್ದರೋ ಏನೋ. ಆದರೆ ಗ್ರಂಥಾಲಯಕ್ಕೊಂದು ನಿಯಮವಿತ್ತು. ಯಾವ ಆತ್ಮಕಥೆ ಬರೆದವರು ಐದು ವರ್ಷ ಬಿಕ್ಕಿದ್ದಕ್ಕೆ ಸಾಕ್ಷಿ ಇಲ್ಲವೋ ಅದನ್ನು ಕಪಾಟಿನಿಂದ ತೆಗೆದು ಕಡಲೆಕಾಯಿ ಅಂಗಡಿಗೆ ಕೊಡತಕ್ಕದ್ದು. ಹಿಂದಿನ ಅಧ್ಯಕ್ಷರ ಆತ್ಮಕಥೆ ಜಾಗ ತಿನ್ನುತ್ತಿದೆ ಎಂದು ಸಿಟ್ಟಾಗಿ ಈ ನಿಯಮ ಮಾಡಿಸಿದವರು ರುದ್ರಮುನಿಯಪ್ಪನವರೇ. ಈಗ ‘ಸಾರ್ಥಕ ಸೋಪಾನ’ಕ್ಕೆ ಐದು ವರ್ಷ ತುಂಬುತ್ತ ಬಂದಿತ್ತು. ಅದನ್ನು ತೀರ್ಮಾನಿಸುವ ಗ್ರಂಥಾಲಯ ಸಮಿತಿಗೆ ಪಾರ್ಶ್ವನಾಥಯ್ಯನವರೇ ಅಧ್ಯಕ್ಷರು.

ರುದ್ರಮುನಿಯಪ್ಪನವರು ಸುಳ್ಳು ಬಿಕ್ಕಳಿಸಲು ಶುರುಮಾಡಿದರು. ಜನ ಸೇರಿದ ಕಡೆ ಹೋಗಿ, ಮಾತಿನ ನಡುವೆ ಒಮ್ಮೆ ಬಿಕ್ಕಿ, “ಯಾರೋ ಮೂರನೇ ಅಧ್ಯಾಯ ಓದ್ತಿದಾರೆ ಅಂತ ಕಾಣುತ್ತೆ” ಎನ್ನುತ್ತಿದ್ದರು. ನಿಜವಾದ ಬಿಕ್ಕು ಹೊಟ್ಟೆಯಿಂದ ಎದ್ದು ಭುಜ ಅಲುಗಿಸುತ್ತದೆ. ಇವರದು ಗಂಟಲಿನಿಂದ ಮಾತ್ರ ಹೊರಡುತ್ತಿತ್ತು. ಹುಟ್ಟಿದಂದಿನಿಂದ ಬಿಕ್ಕಳಿಕೆ ಕೇಳಿ ಬೆಳೆದ ಊರಿಗೆ ಅದು ಗೊತ್ತಾಗದೆ ಇರುತ್ತದೆಯೆ? ಎದುರಿಗಿದ್ದವರು ಮರ್ಯಾದೆಗೆ ನೀರು ತಂದುಕೊಡುತ್ತಿದ್ದರು, ಇವರು ಮರ್ಯಾದೆಗೆ ಕುಡಿಯುತ್ತಿದ್ದರು. ದಿನಕ್ಕೆ ಅಷ್ಟು ನೀರು ಕುಡಿದು ಅವರಿಗೆ ರಾತ್ರಿ ನಿದ್ದೆಯೂ ಕೆಟ್ಟಿತು.

ಹೀಗಿರುವಾಗ ಒಂದು ಮಧ್ಯಾಹ್ನ, ಕಾಫಿಯ ಹೊತ್ತಿಗೆ, ಅಡುಗೆಮನೆಯಿಂದ ಒಂದು ಬಿಕ್ಕು ಕೇಳಿಸಿತು. ಹೊಟ್ಟೆಯಿಂದ ಎದ್ದ, ಅಪ್ಪಟ ಬಿಕ್ಕು. ಹೋಗಿ ನೋಡಿದರೆ ಶಿವಗಂಗಮ್ಮನವರು ಕಿಟಕಿಯ ಬಳಿ ಮಣೆ ಹಾಕಿಕೊಂಡು ಕೂತಿದ್ದಾರೆ. ತಲೆ ಬಾಚಿಕೊಂಡಿದ್ದಾರೆ, ಮುಡಿಯಲ್ಲಿ ಕನಕಾಂಬರ, ಪಕ್ಕದಲ್ಲಿ ಬೆಳಗಿದ ತಂಬಿಗೆಯ ತುಂಬ ನೀರು.

“ಏನೇ ಅದು?”

“ಬಿಕ್ಕಳಿಕೆ.”

“ಅದು ಗೊತ್ತಾಯ್ತು. ಯಾವ ಪುಸ್ತಕ?”

“ನನ್ನ ಹೆಸರು ಬರೆದಿರೋದು ನೀವೊಬ್ಬರೇ ತಾನೆ?” ಎಂದು ಅವರು ಇನ್ನೊಂದು ಬಿಕ್ಕು ಬಿಕ್ಕಿ, ಒಂದು ಗುಟುಕು ನೀರು ಕುಡಿದರು. “ಒಂದು ತಿಂಗಳಿಂದ ದಿನಾ ಇದೇ ಹೊತ್ತಿಗೆ ಬರ್ತಿದೆ. ಭಾನುವಾರ ಮಾತ್ರ ಇಲ್ಲ.”

“ಒಂದು ತಿಂಗಳಿಂದ? ಮತ್ತೆ ನನಗೆ ಯಾಕೆ ಹೇಳಲಿಲ್ಲ?”

“ನಿಮಗೆ ಬೇಜಾರಾಗುತ್ತೆ ಅಂತ. ಬಂದಾಗ ಒಂಥರಾ ಚೆನ್ನಾಗಿರುತ್ತೆ ಕಣ್ರೀ. ಯಾರೋ ಬಾಗಿಲು ತಟ್ಟಿದ ಹಾಗೆ.”

ರುದ್ರಮುನಿಯಪ್ಪನವರು ಅಂದು ಕಾಫಿ ಕುಡಿಯಲಿಲ್ಲ. ತಮ್ಮ ಪುಸ್ತಕ ಓದಿದರೆ ತಮಗೆ ಬಿಕ್ಕು ಬರಬೇಕು. ಪ್ರತಿ ಪುಟದಲ್ಲೂ ‘ನಾನು’ ಇದೆ. ‘ನಾನು’ ಎಂದು ಬರೆದವರು ಇಂಥವರೆಂದು ಗೊತ್ತಿದ್ದ ಮೇಲೆ ಅದೂ ಹೆಸರಿನಷ್ಟೇ ಲೆಕ್ಕ. ಹಾಗಾದರೆ ಹೆಂಡತಿಗೆ ಬಂದು ಗಂಡನಿಗೆ ಬರದ ಪುಟ ಯಾವುದು? ಕನ್ನಡಕ ಹಾಕಿಕೊಂಡು ಮೊದಲಿನಿಂದ ಹುಡುಕಿದರು. ಮದುವೆಯ ಪುಟದಲ್ಲಿ ‘ನಾನು ಶಿವಗಂಗಮ್ಮನ ಕೈಹಿಡಿದೆ’ ಎಂದಿತ್ತು. ಗೃಹಪ್ರವೇಶದಲ್ಲಿ ‘ನಾನು ಮತ್ತು ಶಿವಗಂಗಮ್ಮ’. ಕೊನೆಗೆ ಚರಂಡಿ ಯೋಜನೆಯ ಅಧ್ಯಾಯಕ್ಕೆ ಸ್ವಲ್ಪ ಹಿಂದೆ ಆ ಪುಟ ಸಿಕ್ಕಿತು. ಅಷ್ಟು ದೊಡ್ಡ ಗ್ರಂಥದಲ್ಲಿ ‘ನಾನು’ ಇಲ್ಲದ ಪುಟ ಅದೊಂದೇ.

ಅದು ಸರ್ಕಸ್ಸಿನ ಸಂಗತಿ. ಬಹಳ ವರ್ಷದ ಹಿಂದೆ ಹೊಳೆ ಉಕ್ಕಿ, ಸೇತುವೆ ಮುಳುಗಿ, ಒಂದು ಸಣ್ಣ ಸರ್ಕಸ್ ಕಂಪನಿ ನಮ್ಮೂರಲ್ಲಿ ಸಿಕ್ಕಿಕೊಂಡಿತು. ಡೇರೆ ನೀರುಪಾಲಾಯಿತು. ಅಧ್ಯಕ್ಷರು ಆಗ ರಾಜಧಾನಿಯಲ್ಲಿ ಸನ್ಮಾನ ಮಾಡಿಸಿಕೊಳ್ಳಲು ಹೋಗಿದ್ದರು. ಪುರಸಭೆಯ ಬೀಗದ ಕೈ ಅವರ ಜೇಬಿನಲ್ಲಿತ್ತು. ಶಿವಗಂಗಮ್ಮ ಒನಕೆ ತರಿಸಿ ಬೀಗ ಒಡೆಸಿ, ಸರ್ಕಸ್ಸಿನವರನ್ನು ಸಭಾಂಗಣದೊಳಗೆ ಬಿಟ್ಟುಕೊಂಡರು. ಅಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಪುಟದಲ್ಲಿದ್ದದ್ದು ಹೊಳೆ, ಬೀಗ, ಮಗು, ಇಷ್ಟೇ. ಆತ್ಮಕಥೆ ಬರೆಯುವಾಗ ಆ ವರ್ಷಕ್ಕೊಂದು ತೇಪೆ ಬೇಕಾಗಿತ್ತು. ಅಕ್ಕಿ ಆರಿಸುತ್ತಿದ್ದ ಹೆಂಡತಿಯನ್ನು ಏನಾಯಿತೆಂದು ಕೇಳಿ, ಅವರು ಹೇಳುತ್ತಿರುವಾಗಲೇ ಅರ್ಧಕ್ಕೆ ನಿಲ್ಲಿಸಿ, ಚರಂಡಿ ಯೋಜನೆಗೆ ಹೋಗಿಬಿಟ್ಟಿದ್ದರು.

ಮಾರನೆಯ ದಿನ ಮೂರೂವರೆಗೇ ಅವರು ಗ್ರಂಥಾಲಯಕ್ಕೆ ಬಂದರು. “ಫಿಲೋಮಿನಮ್ಮ, ನನ್ನ ಪುಸ್ತಕ ಯಾರು ಓದ್ತಿದಾರೆ?”

“ಹೇಳೋ ಹಾಗಿಲ್ಲ ಸಾರ್. ನೀವೇ ಮಾಡಿರೋ ನಿಯಮ.”

“ಎಷ್ಟು ನಿಯಮ ಮಾಡಿದೀನಮ್ಮ ನಾನು” ಎಂದು ಗೊಣಗುತ್ತ, ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಮೂಲೆಯಲ್ಲಿ ಕೂತರು. ಪತ್ರಿಕೆ ತಲೆಕೆಳಗಾಗಿತ್ತು. ನಾನು ಹೇಳಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಎದುರಿನ ನಿಲ್ದಾಣದಲ್ಲಿ ಬಸ್ಸು ನಿಂತಿತು. ಅದರ ಕಂಡಕ್ಟರ್, ಚಂಪಾ ಎಂಬ ಗಟ್ಟಿಮುಟ್ಟಾದ ಹೆಂಗಸು, ಟಿಕೆಟ್ ಚೀಲವನ್ನು ಹೆಗಲಿಗೆ ಏರಿಸಿಕೊಂಡೇ ಒಳಗೆ ಬಂದಳು. ಈ ದಾರಿಗೆ ಅವಳು ಹೊಸಬಳು. ಮೊದಲ ದಿನ ಬಂದು, “ಈ ಊರಿಗೆ ಸರ್ಕಸ್ ಬಂದಿದ್ದರ ಬಗ್ಗೆ ಏನಾದ್ರೂ ಬರೆದಿದಾರಾ ಮೇಡಂ?” ಎಂದು ಕೇಳಿದ್ದಳು. ನಾನು ‘ಸಾರ್ಥಕ ಸೋಪಾನ’ ಓದಿರಲಿಲ್ಲ, ಪರಿವಿಡಿ ನೋಡಿದ್ದೆ. ಪರಿವಿಡಿ ನೋಡಿದರೆ ಯಾರಿಗೂ ಬಿಕ್ಕಳಿಕೆ ಬರುವುದಿಲ್ಲ. ಅಲ್ಲಿ ಕಂಡಿದ್ದ ಸರ್ಕಸ್ಸಿನ ಪುಟಸಂಖ್ಯೆ ಹೇಳಿ ಪುಸ್ತಕ ಕೊಟ್ಟೆ. ಅಂದಿನಿಂದ ಬಸ್ಸು ಹೊರಡುವವರೆಗೆ ಅವಳು ಆ ಒಂದು ಪುಟ ಓದಿ ಹೋಗುತ್ತಿದ್ದಳು.

ಆವತ್ತೂ ಪುಸ್ತಕ ಎತ್ತಿಕೊಂಡಳು. ಅದು ತಾನಾಗಿಯೇ ಆ ಪುಟಕ್ಕೆ ತೆರೆದುಕೊಂಡಿತು. ರುದ್ರಮುನಿಯಪ್ಪನವರು ಪತ್ರಿಕೆ ಮಡಿಸಿ ಎದುರಿಗೆ ಬಂದು ಕೂತರು.

“ಇಷ್ಟು ದಪ್ಪ ಪುಸ್ತಕದಲ್ಲಿ ಅದೊಂದೇ ಪುಟ ಯಾಕಮ್ಮ ಓದ್ತೀರಿ?”

“ಇದರಲ್ಲಿ ನಾನಿದೀನಿ ಸಾರ್.” ಅವಳು ಬೆರಳಿಟ್ಟು ತೋರಿಸಿದಳು. “‘ಒಂದು ಹೆಣ್ಣು ಮಗು ಹುಟ್ಟಿತು’ ಅಂತ ಇದೆಯಲ್ಲ, ಅದು ನಾನು.”

ರುದ್ರಮುನಿಯಪ್ಪನವರು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಆಮೇಲೆ, ಹೇಳಿಕೊಳ್ಳಲು ನಾಚಿಕೆಯಾಗುವ ಪ್ರಶ್ನೆಯನ್ನು ಕೇಳಿಯೇಬಿಟ್ಟರು. “ಬೇರೆ ಪುಟ ಯಾವುದೂ ಓದಲಿಲ್ವ?”

“ಮುಂದಿನ ಪುಟ ಒಂದು ಸಲ ಶುರು ಮಾಡ್ದೆ ಸಾರ್. ಚರಂಡಿ ಬಂತು. ವಾಪಸ್ ಬಂದುಬಿಟ್ಟೆ.”

ಹಿಂದಿನ ತಿಂಗಳು ಮಧ್ಯಾಹ್ನದ ಬೋಂಡ ತಿನ್ನುವಾಗ ಒಂದು ಬಿಕ್ಕು ಬಂದದ್ದು, ಅದಕ್ಕೆ ಹಸಿಮೆಣಸಿನಕಾಯಿಯನ್ನು ಬೈದದ್ದು ಅವರಿಗೆ ಆಗ ಹೊಳೆಯಿತಂತೆ. ಬಂದ ಒಂದೇ ಒಂದು ಬಿಟ್ಟಿ ಬಿಕ್ಕನ್ನು ಮೆಣಸಿನಕಾಯಿಯ ಹೆಸರಿಗೆ ಬರೆದುಬಿಟ್ಟಿದ್ದರು.

“ಇದನ್ನ ಬರೆದೋರು ಬದುಕಿದಾರಾ ಸಾರ್?” ಚಂಪಾ ಕೇಳಿದಳು. “ಬಹಳ ಮಾತು ಕಡಿಮೆ ಮನುಷ್ಯ ಇರಬೇಕು. ಎಲ್ಲಾ ಅರ್ಧಕ್ಕೇ ಬಿಟ್ಟಿದಾರೆ.”

ನಮ್ಮೂರಿನಲ್ಲಿ ರುದ್ರಮುನಿಯಪ್ಪನವರನ್ನು ಮಾತು ಕಡಿಮೆ ಎಂದವರು ಅವಳೊಬ್ಬಳೇ. ನಾನು ರಬ್ಬರ್ ಮುದ್ರೆ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ.

“ಅಮ್ಮ ಹೋದ ವರ್ಷ ತೀರ್ಕೊಂಡಳು,” ಎಂದಳು ಚಂಪಾ. “ಹಗ್ಗದ ಮೇಲೆ ನಡೆಯೋಳು. ಅವಳ ಮಾತೂ ಹಂಗೇ, ಒಂದೊಂದೇ ಹೆಜ್ಜೆ. ‘ಒಬ್ಬ ಅಧ್ಯಕ್ಷನ ಮೇಜಿನ ಮೇಲೆ ಹುಟ್ಟಿದೆ ಕಣೇ ನೀನು’ ಅಂತ ಹೇಳಿ ನಗೋಳು, ಮುಂದಕ್ಕೆ ಹೇಳ್ತಿರಲಿಲ್ಲ. ಇಲ್ಲಾದ್ರೂ ಇರುತ್ತೆ ಅಂತ ಬಂದೆ. ಅಮ್ಮ ಅವತ್ತು ಅತ್ತಳಾ, ಹೆದರಿಕೊಂಡಳಾ, ಏನು ತಿಂದಳು, ಏನೂ ಇಲ್ಲ ಸಾರ್. ದಿನಾ ಓದಿದ್ರೆ ಇನ್ನೊಂದು ಸಾಲು ಸಿಗುತ್ತೇನೋ ಅನ್ನೋ ಹುಚ್ಚು.”

ಚರಂಡಿಯ ಬಗ್ಗೆ ನಲವತ್ತು ಪುಟ ಬರೆದ ಮನುಷ್ಯ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. “ಬರೆದೋನಿಗೂ ಗೊತ್ತಿಲ್ಲಮ್ಮ,” ಎಂದರು. “ಗೊತ್ತಿರೋರ ಹತ್ತಿರ ಕರ್ಕೊಂಡು ಹೋಗ್ತೀನಿ, ಬನ್ನಿ.”

ಆ ದಿನ ಬಸ್ಸು ಎಷ್ಟು ತಡವಾಗಿ ಹೊರಟಿತೆಂದರೆ ಪ್ರಯಾಣಿಕರು ಗ್ರಂಥಾಲಯಕ್ಕೆ ಬಂದು ಪುಸ್ತಕ ತೆಗೆದುಕೊಳ್ಳಲು ಶುರುಮಾಡಿದರು.

ಶಿವಗಂಗಮ್ಮನವರು ಚಂಪಾಳನ್ನು ಬಾಗಿಲಲ್ಲಿ ನೋಡಿದವರು ಅವಳ ಮುಖ ನೋಡಲಿಲ್ಲ, ಮೊದಲು ಚಪ್ಪಲಿ ಬಿಟ್ಟ ಪಾದ ನೋಡಿದರು. “ಸೋನಾಬಾಯಿ ಮಗಳು,” ಎಂದರು. “ನೀನು ಹುಟ್ಟಿ ಅಳ್ತಿದ್ದ ಹಾಗೇ ನಿಮ್ಮಮ್ಮ ಗಂಡೋ ಹೆಣ್ಣೋ ಕೇಳಲಿಲ್ಲ. ‘ಅಂಗಾಲು ನೆಟ್ಟಗಿದೆಯಾ ನೋಡಿ’ ಅಂದಳು. ನಾನು ದೀಪ ಹಿಡಿದು ತೋರಿಸಿದೆ. ಆಮೇಲೆ ನಕ್ಕಳು.”

ಚಂಪಾ ಕೂತು ತನ್ನ ಅಂಗಾಲನ್ನು ತಿರುಗಿಸಿ ನೋಡಿಕೊಂಡಳು. “ಬಸ್ಸಲ್ಲಿ ನಾನು ಕಂಬಿ ಹಿಡ್ಕೊಳಲ್ಲ ಅಮ್ಮ,” ಎಂದಳು. “ಎಂಥ ತಿರುವು ಬಂದ್ರೂ ಹಿಡ್ಕೊಳಲ್ಲ.”

ಅಲ್ಲಿಂದ ಶಿವಗಂಗಮ್ಮನವರ ಮಾತು ಹರಿಯಿತು. ಕೋಡಂಗಿ ವೇಷದವನು ಇಡೀ ಊರಿಗೆ ಉಪ್ಪಿಟ್ಟು ಕೆದಕಿದ್ದು, ಒಂಟೆ ಪುರಸಭೆಯ ಹೂದೋಟ ಮೇಯ್ದದ್ದು, ಸೂಲಗಿತ್ತಿ ಹೊಳೆಯ ಆಚೆ ದಡದಲ್ಲಿ ಉಳಿದುದರಿಂದ ಚೆಲುವಯ್ಯ ತನ್ನ ಕತ್ತಿಯನ್ನು ಕುದಿಸಿ ಹೊಕ್ಕುಳಬಳ್ಳಿ ಕತ್ತರಿಸಲು ಕೊಟ್ಟದ್ದು. ಮಗುವನ್ನು ಸುತ್ತಲು ಬೆಚ್ಚನೆಯ ಬಟ್ಟೆಯಿಲ್ಲದೆ ಅಧ್ಯಕ್ಷರ ಮೇಜಿನ ಮೇಲೆ ಹಾಸಿದ್ದ ಹಸಿರು ಬನಾತನ್ನೇ ಎಳೆದು ಸುತ್ತಿದ್ದು.

ರುದ್ರಮುನಿಯಪ್ಪನವರು ಎದ್ದು ನಿಂತರು. “ಆ ಬನಾತು ನೀನಾ ತಗೊಂಡಿದ್ದು?”

“ಹೌದು.”

“ಅದರ ಮೇಲೆ ನಾನು ವಿಚಾರಣೆ ಮಾಡಿಸಿದೆನಲ್ಲೇ. ಪುಸ್ತಕದಲ್ಲಿ ‘ಬನಾತು ಕಳವು ಪ್ರಕರಣ’ ಅಂತ ಒಂದು ಅಧ್ಯಾಯವೇ ಇದೆ. ಕಳ್ಳ ಕೊನೆಗೂ ಸಿಗಲಿಲ್ಲ ಅಂತ ಬರೆದಿದೀನಿ.”

“ಊರಲ್ಲಿ ಎಲ್ಲರನ್ನೂ ಕೇಳಿದ್ರಿ,” ಎಂದರು ಶಿವಗಂಗಮ್ಮನವರು, “ನನ್ನನ್ನ ಕೇಳಲಿಲ್ಲ.”

ರುದ್ರಮುನಿಯಪ್ಪನವರು ಮತ್ತೆ ಕೂತುಕೊಂಡರು. ಆಮೇಲೆ ಸಂಜೆಯವರೆಗೂ ಒಂದು ಮಾತೂ ಆಡದೆ ಕೇಳಿಸಿಕೊಂಡರಂತೆ. ಮದುವೆಯಾದಾಗಿನಿಂದ ಅಷ್ಟು ಹೊತ್ತು ತಾವು ಒಂದೇ ಸಮನೆ ಮಾತಾಡಿದ್ದು ಅದೇ ಮೊದಲು ಎಂದು ಶಿವಗಂಗಮ್ಮನವರು ಆಮೇಲೆ ನನ್ನ ಹತ್ತಿರ ಹೇಳಿದರು.

ಸಮಿತಿಯ ಸಭೆ ಅದೇ ವಾರ ಇತ್ತು. ಪಾರ್ಶ್ವನಾಥಯ್ಯನವರು ಸಂಕೋಚದಿಂದಲೇ, “ಲೇಖಕರು ಬಿಕ್ಕಿದ್ದಕ್ಕೆ ಸಾಕ್ಷಿ?” ಎಂದು ಕೇಳಿದರು. ಎಲ್ಲರೂ ಗಂಟಲ ಬಿಕ್ಕಿಗಾಗಿ ಕಾದು, ನೀರಿನ ಲೋಟವನ್ನೂ ಹತ್ತಿರ ಸರಿಸಿ ಇಟ್ಟಿದ್ದರು. ರುದ್ರಮುನಿಯಪ್ಪನವರು ಎದ್ದು ಹೇಳಿದರು: “ಭಾವಮೈದನಿಗೆ ಊಟ ಹಾಕಿ ಮೂರು ಬರಿಸಿಕೊಂಡೆ. ತಾನಾಗಿ ಬಂದಿದ್ದು ಒಂದು. ಇನ್ನೆಲ್ಲ ಸುಳ್ಳು. ಆದರೆ ನನ್ನ ಹೆಂಡತಿಗೆ ದಿನಾ ಬರುತ್ತೆ.”

ಇಂಥ ಸಂದರ್ಭ ನಿಯಮದಲ್ಲಿ ಇರಲಿಲ್ಲ. ಸಮಿತಿ ಕಾಫಿ ತರಿಸಿ ಕುಡಿದು ಯೋಚಿಸಿತು. ಓದಿಸಿಕೊಂಡ ಪುಟ ಉಳಿಯತಕ್ಕದ್ದು, ಉಳಿದದ್ದು ಕಡಲೆಕಾಯಿ ಅಂಗಡಿಗೆ ಹೋಗತಕ್ಕದ್ದು ಎಂದು ತೀರ್ಮಾನವಾಯಿತು. ಪುಟ ಕತ್ತರಿಸುವ ಕೆಲಸ ನನ್ನದು. ನನಗೆ ಕೈ ಬರಲಿಲ್ಲ. ಎಂಥ ಪುಸ್ತಕವಾದರೂ ಪುಸ್ತಕವೇ. “ಕತ್ತರಿ ಕೊಡಿ ಫಿಲೋಮಿನಮ್ಮ” ಎಂದು ರುದ್ರಮುನಿಯಪ್ಪನವರೇ ತೆಗೆದುಕೊಂಡರು. ಗೆರೆ ಸೊಟ್ಟಗಾಯಿತು. ಪುಟವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಹಿಂತಿರುಗಿ ನೋಡದೆ ಮೆಟ್ಟಿಲಿಳಿದರು. ಮೂಟೆ ಗಾಡಿಯ ಮೇಲೆ ಹೋಯಿತು.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಕಡಲೆಕಾಯಿ ತಿಂದು ಮುಗಿದ ಮೇಲೆ ಮನುಷ್ಯ ಪೊಟ್ಟಣ ಬಿಚ್ಚಿ ಓದುತ್ತಾನೆ. ಸಂಜೆ ಪೇಟೆಯಲ್ಲಿ, ಹೊಳೆಯ ದಂಡೆಯಲ್ಲಿ, ಬಸ್ಸಿಗೆ ಕಾಯುವಲ್ಲಿ, ಜನ ಉಪ್ಪು ಹತ್ತಿದ ಬೆರಳಲ್ಲಿ ‘ಸಾರ್ಥಕ ಸೋಪಾನ’ವನ್ನು ಹರಕು ಹರಕಾಗಿ ಓದಿದರು. ರುದ್ರಮುನಿಯಪ್ಪನವರಿಗೆ ಬಿಕ್ಕಳಿಕೆ ಹತ್ತಿದ್ದು ನಿಲ್ಲಲೇ ಇಲ್ಲ. ಊಟ ಸೇರದು, ನಿದ್ದೆ ಹತ್ತದು, ಭುಜ ಎರಡೂ ನೋವು.

“ಬೇಕಿತ್ತಲ್ಲ?” ಎಂದರು ಶಿವಗಂಗಮ್ಮನವರು ಬೆನ್ನು ನೀವುತ್ತ.

“ಇಷ್ಟೊಂದು... ಬೇಕಿರಲಿಲ್ಲ” ಎಂದರು ಇವರು, ಮೂರು ಬಿಕ್ಕಿನ ನಡುವೆ.

ಮೂಟೆ ಖಾಲಿಯಾದ ದಿನ ಬಿಕ್ಕಳಿಕೆ ನಿಂತಿತು. ಆ ನಿಶ್ಶಬ್ದದಲ್ಲಿ ಅವರು ಹೆಂಡತಿಯ ಎದುರು ಹಾಳೆ ಹರಡಿಕೊಂಡು ಕೂತು, “ಹೇಳು. ಬೀಗ ಒಡೆದಲ್ಲಿಂದ ಹೇಳು” ಎಂದರು. ಚಂಪಾ ರಜೆಯ ದಿನವೆಲ್ಲ ಬಂದು ಕೂರುತ್ತಿದ್ದಳು. ಚೆಲುವಯ್ಯ ಬಂದು ಕತ್ತಿಯ ಸಂಗತಿ ಹೇಳಿಹೋದ. ಉಪ್ಪಿಟ್ಟು ತಿಂದವರು, ಒಂಟೆ ಅಟ್ಟಿದವರು, ಒನಕೆ ಕೊಟ್ಟವರು ಒಬ್ಬೊಬ್ಬರಾಗಿ ಜಗಲಿಗೆ ಬಂದರು. ರುದ್ರಮುನಿಯಪ್ಪನವರ ಕೈಗೆ ಅಭ್ಯಾಸ ಬಲ. ಮೂರು ಸಾಲಿಗೊಮ್ಮೆ ‘ಆಗ ನಾನು’ ಎಂದು ಬರೆದುಬಿಡುತ್ತಿತ್ತು. ಶಿವಗಂಗಮ್ಮನವರಿಗೆ ಅದು ಎಷ್ಟು ದೂರದಿಂದಲೂ ಕಾಣಿಸುತ್ತಿತ್ತು. “ಮತ್ತೆ ಬಂದ್ರಿ ನೋಡಿ” ಎನ್ನುತ್ತಿದ್ದರು. ಇವರು ಹೊಡೆದುಹಾಕುತ್ತಿದ್ದರು. ಒಂದು ದಿನ ಬೇಸರವಾಗಿ, “ಬೀಗದ ಕೈ ನನ್ನ ಜೇಬಲ್ಲಿತ್ತು ಅಂತಾದ್ರೂ ಬರೀತೀನಿ ಕಣೇ” ಎಂದು ಬೇಡಿಕೊಂಡರು. ಶಿವಗಂಗಮ್ಮನವರು ಯೋಚಿಸಿ, “ಬೀಗ ಒಡೆದ ಮೇಲೆ ಕೈ ಯಾರಿಗೆ ಬೇಕು?” ಎಂದರು. ಅದೂ ಹೋಯಿತು.

ಪುಸ್ತಕಕ್ಕೆ ‘ಹೊಳೆ ಇಳಿಯುವವರೆಗೆ’ ಎಂದು ಹೆಸರಿಟ್ಟರು. ತೆಳುವಾದ ಪುಸ್ತಕ, ಬಾಗಿಲಿಗೆ ಅಡ್ಡ ಇಟ್ಟರೆ ಗಾಳಿಗೆ ಹಾರಿಹೋಗುತ್ತದೆ. ಈಗ ಯಾರಾದರೂ ಬಂದು, ನಮ್ಮೂರಿನ ಇತಿಹಾಸದ್ದು ಓದುವಂಥದ್ದು ಏನಿದೆ ಎಂದು ಕೇಳಿದರೆ ನಾನು ಕೋಟೆಯ ಮುತ್ತಿಗೆಯ ಪುಸ್ತಕದ ಜೊತೆಗೆ ಇದನ್ನೂ ಕೊಡುತ್ತೇನೆ. ಇದು ಬಾಗಿಲು ದಾಟಿ ಆ ಕೋಣೆಗೆ ಹೋಗಲು ಇನ್ನೂ ಬಹಳ ಕಾಲವಿದೆ, ದೇವರು ಎಲ್ಲರಿಗೂ ಆಯಸ್ಸು ಕೊಡಲಿ.

ಬಿಡುಗಡೆಯನ್ನು ಪುರಸಭೆಯ ಸಭಾಂಗಣದಲ್ಲಿ ಇಟ್ಟುಕೊಂಡೆವು. ಓದುವವಳು ಚಂಪಾ. ಮೈಕಿನ ಮುಂದೆ ಏನನ್ನೂ ಹಿಡಿದುಕೊಳ್ಳದೆ ನಿಂತು, ಟಿಕೆಟ್ ಕೇಳುವ ಗಟ್ಟಿ ದನಿಯಲ್ಲಿ ಮೊದಲ ಸಾಲು ಓದಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಶಿವಗಂಗಮ್ಮನವರು ಬಿಕ್ಕಿದರು. ಎರಡನೆಯ ಪ್ಯಾರಾಕ್ಕೆ ಒನಕೆ ಕೊಟ್ಟ ಮನೆಯವರೆಲ್ಲ ಸಾಲಾಗಿ ಬಿಕ್ಕಿದರು. ಉಪ್ಪಿಟ್ಟಿನ ಪುಟ ಬರುವ ಹೊತ್ತಿಗೆ ಇಡೀ ಸಭಾಂಗಣ ಕಪ್ಪೆ ಕೂಗುವ ಕೆರೆಯ ಹಾಗಾಗಿತ್ತು. ಚೆಲುವಯ್ಯ ಬಿಕ್ಕುತ್ತಲೇ ನಗುತ್ತಿದ್ದ. ಆ ಕಾಲದಲ್ಲಿ ಒಂಟೆಯ ಬಾಯಿಂದ ಅಂಗಿ ಕಳೆದುಕೊಂಡಿದ್ದ ಪಾರ್ಶ್ವನಾಥಯ್ಯನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಸಲ ಅವರ ಕಣ್ಣಿನ ನೀರು ನಿಜವಾದದ್ದು.

ಬಿಕ್ಕದೆ ಇದ್ದವರು ರುದ್ರಮುನಿಯಪ್ಪನವರು ಒಬ್ಬರೇ. ಅವರು ಪಂಚೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಕೊಡಪಾನ, ಇನ್ನೊಂದು ಕೈಯಲ್ಲಿ ಲೋಟ ಹಿಡಿದು ಸಾಲು ಸಾಲಿಗೂ ನೀರು ಕೊಡುತ್ತ ಬೆವತು ಓಡಾಡುತ್ತಿದ್ದರು. ಪಾರ್ಶ್ವನಾಥಯ್ಯನವರು ಲೋಟ ತೆಗೆದುಕೊಳ್ಳುತ್ತ, ಬಿಕ್ಕಿನ ನಡುವೆ, “ಸ್ವಾಮಿ, ಇಷ್ಟೆಲ್ಲ ಆಗುವಾಗ ನೀವೆಲ್ಲಿದ್ರಿ?” ಎಂದು ಕೇಳಿದರು.

“ನಾನು ಊರಲ್ಲಿರಲಿಲ್ಲ,” ಎಂದರು ರುದ್ರಮುನಿಯಪ್ಪನವರು. “ಬೇಗ ಕುಡೀರಿ. ಮುಂದಿನ ಪುಟದಲ್ಲಿ ಮತ್ತೆ ನೀವೇ ಬರ್ತೀರಿ.”